ಆರನೇ ತರಗತಿಯ ಕಥೆಪುಸ್ತಕ: ಕನ್ನಡ ಒಡೆಯದ, ಮಕ್ಕಳ ಕೈಗೆ ಒಗ್ಗುವ ಉಚಿತ ಸಾಧನ ಯಾವುದು?

ಪ್ರಶ್ನೆ: ಪೆರ್ಲದ ಕಡೆಯ ಕನ್ನಡ ಶಿಕ್ಷಕಿ

ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಆರನೇ ತರಗತಿಗೆ ಕನ್ನಡ ಕಲಿಸುತ್ತೇನೆ. ತರಗತಿಯಲ್ಲಿ 19 ಮಕ್ಕಳು. ಮನೆಮಾತು ಎಂಟು ಮಂದಿಗೆ ತುಳು, ನಾಲ್ವರಿಗೆ ಮಲಯಾಳ, ಮೂವರಿಗೆ ಹವ್ಯಕ ಕನ್ನಡ, ಇಬ್ಬರಿಗೆ ಬ್ಯಾರಿ, ಒಬ್ಬಳಿಗೆ ಮರಾಠಿ, ಒಬ್ಬನಿಗೆ ಕೊಂಕಣಿ. ಪುಸ್ತಕದ ಕನ್ನಡ ಇವರೆಲ್ಲರಿಗೂ ಶಾಲೆಯ ಮೆಟ್ಟಿಲು ಹತ್ತಿದ ಮೇಲೆ ಶುರುವಾಗುವ ಭಾಷೆ. ಹಾಗಾಗಿ ಅವರು ಕನ್ನಡದಲ್ಲಿ ಬರೆದ ಒಂದೊಂದು ಸಾಲೂ ನನಗೆ ದೊಡ್ಡದು.

ಜೂನ್ ಕೊನೆಯಲ್ಲಿ, ಅಜ್ಜ ಅಜ್ಜಿಯರಿಂದ ಒಂದು ಕಥೆ ಕೇಳಿ ಬರೆದು ತನ್ನಿ ಎಂದಿದ್ದೆ. ಹದಿನೇಳು ಮಂದಿ ತಂದರು. ಹೊಳೆ ದಾಟುವಾಗ ನೀರು ಪಾಲಾದ ಅಡಿಕೆ ಮೂಟೆ, ಮಳೆಗಾಲದ ಆಟಿ ತಿಂಗಳಿಡೀ ಹಲಸಿನ ಬೇಳೆಯಲ್ಲೇ ಹೊಟ್ಟೆ ಹೊರೆದದ್ದು, ರಾತ್ರಿಯಿಡೀ ಬಯಲಾಟ ನೋಡಿ ಬೆಳಗ್ಗೆ ಗದ್ದೆ ಹುಣಿಯಲ್ಲೇ ನಿದ್ದೆಹೋದದ್ದು. ಇವು ನೋಟ್‌ಬುಕ್ಕಿನಲ್ಲೇ ಉಳಿಯಬಾರದು, ಚಿತ್ರಗಳಿರುವ ಪುಸ್ತಕ ಮಾಡೋಣ ಎಂದು ಉಚಿತವಾಗಿ ಸಿಗುವ ಒಂದು ವಿನ್ಯಾಸದ ಜಾಲತಾಣವನ್ನು ಹಿಡಿದೆ.

ಎರಡು ಕಡೆ ಸಿಕ್ಕಿಬಿದ್ದಿದ್ದೇನೆ. ಒಬ್ಬ ಹುಡುಗ ತನ್ನ ಕಥೆಗೆ ‘ಅಜ್ಜನ ಮುಟ್ಟಾಳೆ’ ಎಂದು ಹೆಸರಿಟ್ಟಿದ್ದ. ಮುಟ್ಟಾಳೆ ಎಂದರೆ ಅಡಿಕೆ ಹಾಳೆಯ ಟೊಪ್ಪಿ. ಅಲ್ಲಿ ಟೈಪು ಮಾಡಿ ಅಂದವಾದ ಅಕ್ಷರ ಆರಿಸಿದ ಕೂಡಲೇ ಅದು ‘ಅಜ್‌ಜನ ಮುಟ್‌ಟಾಳೆ’ ಆಯಿತು. ಇನ್ನೊಂದು ಅಕ್ಷರ ಶೈಲಿ ಆರಿಸಿದರೆ ಬರೀ ಚೌಕಗಳು. ಒತ್ತಕ್ಷರ ಕಲಿಸಲು ಎರಡು ವರ್ಷ ಬೇಕಾಗುತ್ತದೆ. ಅದನ್ನು ಪರದೆಯೇ ತಪ್ಪಾಗಿ ತೋರಿಸಿದರೆ ಮಗು ಯಾರನ್ನು ನಂಬಬೇಕು?

ಎರಡನೆಯದು ಚಿತ್ರ. ಹಾಳೆಟೊಪ್ಪಿಯ ಚಿತ್ರಕ್ಕಾಗಿ ಹುಡುಕಿದರೆ ಹುಲ್ಲಿನ ಅಗಲ ಟೊಪ್ಪಿ ಬಂತು, ಕುದುರೆ ಸವಾರರ ಟೊಪ್ಪಿ ಬಂತು, ಹುಟ್ಟುಹಬ್ಬದ ಕಾಗದದ ಟೊಪ್ಪಿಯೂ ಬಂತು. ನಾನು ಹುಲ್ಲಿನದನ್ನು ಆರಿಸಿ, ಅಲ್ಲೇ ಸಿದ್ಧವಾಗಿ ಸಿಗುವ ಬಿಳಿಗಡ್ಡದ ಮುದುಕನ ಚಿತ್ರದ ತಲೆಗೆ ಇಟ್ಟೆ. ಹುಡುಗ ಸ್ವಲ್ಪ ಹೊತ್ತು ನೋಡಿದ. ಬಳಿಕ ಮೆಲ್ಲಗೆ, “ಟೀಚರ್, ಇದು ಅಜ್ಜ ಅಲ್ಲ” ಎಂದ. ಆಮೇಲೆ ಆ ಪುಟವನ್ನು ಮುಂದುವರಿಸಲು ನನಗೆ ಮನಸ್ಸು ಬರಲಿಲ್ಲ.

ಶಾಲೆಯಲ್ಲಿ ನಾಲ್ಕು ಲ್ಯಾಪ್‌ಟಾಪ್‌ಗಳಿವೆ. ಇಂಟರ್ನೆಟ್ ನನ್ನ ಮೊಬೈಲಿನಿಂದ, ಅದೂ ಜೋರು ಮಳೆಗೆ ಕಡಿಯುತ್ತದೆ. ಮಕ್ಕಳಿಗೆ ಇಮೇಲ್ ಇಲ್ಲ, ಈ ಪ್ರಾಯದಲ್ಲಿ ಮಾಡಿಕೊಡುವ ಇಷ್ಟ ನನಗಿಲ್ಲ. ತರಗತಿಯಲ್ಲಿ ನಿಜವಾಗಿ ಬಳಸಿ ನೋಡಿದವರು ಹೇಳಿ.

ಉತ್ತರ: ಕುಂಬಳೆ ಉಪಜಿಲ್ಲೆಯ ಹೈಸ್ಕೂಲು ಶಿಕ್ಷಕ

ಟೀಚರ್, ಮೊದಲು ಅಕ್ಷರ ಒಡೆಯುವುದು ಯಾಕೆಂದು ಹೇಳುತ್ತೇನೆ. ಕಾರಣ ತಿಳಿದರೆ ಯಾವ ಸಾಧನವನ್ನಾದರೂ ಒಂದು ನಿಮಿಷದಲ್ಲಿ ಪರೀಕ್ಷಿಸಬಹುದು.

ಯುನಿಕೋಡ್‌ನಲ್ಲಿ ‘ಜ್ಜ’ ಎಂಬ ಒಂದೇ ಅಕ್ಷರ ಇಲ್ಲ. ಜ, ಅದರ ಬಳಿಕ ಅದನ್ನು ಅರ್ಧಾಕ್ಷರ ಮಾಡುವ ವಿರಾಮ ಚಿಹ್ನೆ (್), ಮತ್ತೆ ಜ, ಹೀಗೆ ಮೂರು ಸಂಕೇತಗಳು ಸಾಲಾಗಿ ಕೂತಿರುತ್ತವೆ. ಅವನ್ನು ಕೂಡಿಸಿ ಎರಡನೆಯ ಜ-ವನ್ನು ಒತ್ತಾಗಿ ಕೆಳಗಿಳಿಸುವುದು ಫಾಂಟಿನೊಳಗಿನ ನಿಯಮ ಮತ್ತು ಆ ನಿಯಮವನ್ನು ಓದುವ ತಂತ್ರಾಂಶ, ಎರಡೂ ಸೇರಿ ಮಾಡುವ ಕೆಲಸ. ಎರಡರಲ್ಲಿ ಒಂದು ಕೈಕೊಟ್ಟರೂ ವಿರಾಮ ಚಿಹ್ನೆ ಹಾಗೆಯೇ ಉಳಿದು ನಿಮಗೆ ಕಂಡದ್ದೇ ಕಾಣುತ್ತದೆ. ಫಾಂಟಿನಲ್ಲಿ ಕನ್ನಡವೇ ಇಲ್ಲದಿದ್ದರೆ ಚೌಕ. ನೀವು ಟೈಪು ಮಾಡಿದ್ದರಲ್ಲಿ ತಪ್ಪಿಲ್ಲ, ಮಗುವಿಗೂ ಅದನ್ನು ಹೇಳಿಬಿಡಿ.

ಹೊಸ ಸಾಧನ ಸಿಕ್ಕಾಗ ನಾನು ಮೊದಲು ಒಂದೇ ಸಾಲು ಹಾಕಿ ನೋಡುತ್ತೇನೆ: ‘ಅಜ್ಜಿ ಸೂರ್ಯ ಕೃಷ್ಣ ರಾಷ್ಟ್ರ ಸ್ತ್ರೀ’. ಒತ್ತು, ಅರ್ಕಾವತ್ತು, ವಟ್ರಸುಳಿ, ಎರಡು ಒತ್ತು ಎಲ್ಲವೂ ಅದರಲ್ಲಿವೆ. ಸರಿ ಬಂದರೆ ಮುಂದೆ ಹೋಗುತ್ತೇನೆ. ನೋಟೊ ಸಾನ್ಸ್ ಕನ್ನಡ ಮತ್ತು ಬಲೂ ತಮ್ಮ ಎರಡೂ ಉಚಿತ ಪರವಾನಗಿಯ ಫಾಂಟುಗಳು. ಬಲೂ ತಮ್ಮ ದುಂಡಗೆ, ದಪ್ಪಗೆ ಇದ್ದು ಮಕ್ಕಳ ಪುಸ್ತಕದ ತಲೆಬರಹಕ್ಕೆ ಚೆನ್ನಾಗಿ ಒಪ್ಪುತ್ತದೆ. ಹಳೆಯ ‘ನುಡಿ’ ತಂತ್ರಾಂಶದ ಕಡತದಿಂದ ನಕಲು ಮಾಡುವುದಿದ್ದರೆ ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ, ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಬರುತ್ತದೆ.

ಇನ್ನು ಸಾಧನ. ನಿಮ್ಮ ಲ್ಯಾಪ್‌ಟಾಪ್‌ಗಳು ಕೈಟ್ (ಕೇರಳದ ಶಾಲೆಗಳಿಗೆ ತಂತ್ರಜ್ಞಾನ ಒದಗಿಸುವ ಸರ್ಕಾರಿ ಸಂಸ್ಥೆ) ಕೊಟ್ಟವೇ ಆಗಿದ್ದರೆ ಅವುಗಳಲ್ಲಿ ಗ್ನೂ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಇರುತ್ತದೆ. ಚಿತ್ರ ಬಿಡಿಸಲು ಟಕ್ಸ್ ಪೇಂಟ್, ಫೋಟೋ ತಿದ್ದಲು ಜಿಂಪ್, ವಿನ್ಯಾಸಕ್ಕೆ ಇಂಕ್‌ಸ್ಕೇಪ್, ಧ್ವನಿಗೆ ಅಡಾಸಿಟಿ, ಬರವಣಿಗೆಗೆ ಲಿಬ್ರೆ ಆಫೀಸ್ ಅದರೊಂದಿಗೆ ಬರುವಂಥವು. ಒಂದಕ್ಕೂ ಖಾತೆ ಬೇಡ, ಇಂಟರ್ನೆಟ್ ಬೇಡ. ನಾವು ಜಾಲತಾಣಗಳನ್ನು ಹುಡುಕಿಕೊಂಡು ಹೋಗುತ್ತೇವೆ, ಕೈಯಲ್ಲಿರುವುದನ್ನು ತೆರೆದೇ ನೋಡಿರುವುದಿಲ್ಲ. ಬಿಲ್ ಕೆಂಡ್ರಿಕ್ 2002ರಲ್ಲಿ ಆರಂಭಿಸಿದ ಟಕ್ಸ್ ಪೇಂಟನ್ನು ಪುಟ್ಟ ಮಕ್ಕಳದ್ದು ಎಂದು ಹಿರಿಯ ತರಗತಿಗಳಲ್ಲಿ ತಳ್ಳಿಬಿಡುತ್ತಾರೆ. ಅದು ಅನ್ಯಾಯ.

ಏಕೆಂದರೆ ಅದರಲ್ಲಿ ಪುಟದ ಮೇಲೆ ಒತ್ತಬಹುದಾದ ಸಿದ್ಧ ಚಿತ್ರಗಳು, ಅಂದರೆ ಅಚ್ಚುಗಳಿವೆ, ಆ ಅಚ್ಚುಗಳನ್ನು ನೀವೇ ಸೇರಿಸಬಹುದು. ಹುಡುಗನೇ ಮುಟ್ಟಾಳೆ ಬಿಡಿಸಲಿ. ಅದರ ಫೋಟೋವನ್ನು ಜಿಂಪ್‌ನಲ್ಲಿ ತೆರೆದು, ಹಿನ್ನೆಲೆ ಪಾರದರ್ಶಕವಾಗಲು ಆಲ್ಫಾ ಚಾನೆಲ್ ಸೇರಿಸಿ, ಬಣ್ಣದ ಪ್ರಕಾರ ಆರಿಸುವ ಸಾಧನದಿಂದ ಬಿಳಿ ಹಿನ್ನೆಲೆಯನ್ನು ಹಿಡಿದು ಅಳಿಸಿ, ಪಿಎನ್‌ಜಿ ಆಗಿ ರಫ್ತು ಮಾಡಿ. ಹೋಮ್ ಫೋಲ್ಡರಿನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಅಡಗಿರುವ ಕಡತಕೋಶಗಳು ಕಾಣುತ್ತವೆ. ಚುಕ್ಕೆಯಿಂದ ಶುರುವಾಗುವ ಟಕ್ಸ್‌ಪೇಂಟ್ ಕೋಶದೊಳಗೆ ಸ್ಟ್ಯಾಂಪ್ಸ್ ಎಂಬ ಕೋಶ ಮಾಡಿ ಚಿತ್ರವನ್ನು ಅದರಲ್ಲಿಡಿ. ಅದೇ ಹೆಸರಿನ ಒಂದು ಧ್ವನಿ ಕಡತವನ್ನೂ ಪಕ್ಕದಲ್ಲಿಟ್ಟರೆ, ಆ ಅಚ್ಚನ್ನು ಆರಿಸಿದಾಗ ಧ್ವನಿ ಕೇಳಿಸುತ್ತದೆ. ಧ್ವನಿಯನ್ನು ಅಡಾಸಿಟಿಯಲ್ಲಿ ಕತ್ತರಿಸಿಕೊಳ್ಳಿ.

ಒಬ್ಬರೇ ಒದ್ದಾಡಬೇಡಿ. ಹತ್ತಿರದ ಹೈಸ್ಕೂಲಿನಲ್ಲಿ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿಗಳ ಕಂಪ್ಯೂಟರ್ ಕೂಟ ಇದ್ದರೆ ಒಂದು ಶನಿವಾರ ಆ ಮಕ್ಕಳನ್ನು ಕರೆಸಿ. 2018ರಿಂದ ನಡೆಯುತ್ತಿರುವ ಕೂಟ ಅದು, ಈ ಕೆಲಸ ಅವರಿಗೆ ನೀರು ಕುಡಿದಷ್ಟು ಸುಲಭ.

ಉತ್ತರ: ಮಂಜೇಶ್ವರದ ನಿವೃತ್ತ ಚಿತ್ರಕಲಾ ಶಿಕ್ಷಕ

ಮೇಲಿನ ಮಾತಿಗೆ ನನ್ನದು ಒಂದೇ ಸೇರ್ಪಡೆ, ಆದರೆ ಬಲವಾಗಿ ಹೇಳುತ್ತೇನೆ: ಮೊದಲು ಕಾಗದ. ಲ್ಯಾಪ್‌ಟಾಪಿನ ಆ ಸಣ್ಣ ಪಟ್ಟಿಯ ಮೇಲೆ ಬೆರಳಾಡಿಸಿ ಹನ್ನೊಂದು ವರ್ಷದ ಮಗು ಬಿಡಿಸುವ ಗೆರೆ ಅದರ ಗೆರೆಯಲ್ಲ. ನಾಲ್ಕು ಯಂತ್ರಗಳಿಗೆ ಹತ್ತೊಂಬತ್ತು ಮಕ್ಕಳಾದರೆ ಉಳಿದವರು ಕೈಕಟ್ಟಿ ಕೂರಬೇಕಾಗುತ್ತದೆ. ಕಾಗದ ಎಲ್ಲರಿಗೂ ಒಟ್ಟಿಗೆ ಸಿಗುತ್ತದೆ.

ನಿಜವಾದ ಮುಟ್ಟಾಳೆಯನ್ನೇ ಮೇಜಿನ ಮೇಲಿಡಿ. ಹಾಳೆಯ ನರಗಳು ಎತ್ತ ಓಡುತ್ತವೆ, ಮಡಿಕೆ ಎಲ್ಲಿ ಬಿದ್ದಿದೆ, ಹೊಲಿಗೆ ಎಲ್ಲಿದೆ ಎಂದು ಕೇಳಿ. ಪೆನ್ಸಿಲಿನ ಮೇಲೆ ಕಪ್ಪು ಪೆನ್ನಿನಲ್ಲಿ ಒಮ್ಮೆ ತೀಡಲಿ. ಫೋಟೋವನ್ನು ಜಗಲಿಯ ನೆರಳಿನಲ್ಲಿ ನೇರ ಮೇಲಿನಿಂದ ತೆಗೆಯಿರಿ. ಬಿಸಿಲಿನಲ್ಲಿ ತೆಗೆದರೆ ನಿಮ್ಮ ಕೈಯ ನೆರಳೇ ಚಿತ್ರದಲ್ಲಿ ಕೂರುತ್ತದೆ, ಕೋಣೆಯ ಹಳದಿ ದೀಪದಲ್ಲಿ ಕಾಗದ ಬಿಳಿ ಬರುವುದಿಲ್ಲ.

ಉತ್ತರ: ಜತ್ತ ತಾಲ್ಲೂಕಿನ ಶಿಕ್ಷಕಿ

ನಮ್ಮದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆ, ಕನ್ನಡ ಶಾಲೆ. ನಿಮ್ಮಲ್ಲಿ ಮಳೆಗೆ ಇಂಟರ್ನೆಟ್ ಹೋದರೆ ನಮ್ಮಲ್ಲಿ ಕರೆಂಟೇ ಹೋಗುತ್ತದೆ. ನಾವು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಎಂಬ ಮಕ್ಕಳ ಕಥೆಗಳ ಜಾಲತಾಣ ಬಳಸುತ್ತೇವೆ. 2015ರಲ್ಲಿ ಶುರುವಾದದ್ದು, ಕನ್ನಡ ಕಥೆಗಳು ಬಹಳ ಇವೆ, ಓದುವ ಮಟ್ಟಗಳು ನಾಲ್ಕು, ಪುಸ್ತಕ ಇಳಿಸಿಕೊಳ್ಳಬಹುದು. ಕಥೆ ಬರೆಯಲು ಲಾಗಿನ್ ಬೇಕು, ಆದರೆ ಶಿಕ್ಷಕರದ್ದೊಂದೇ ಖಾತೆ ಸಾಕು. ನಮ್ಮ ಚಿತ್ರಗಳನ್ನೇ ಏರಿಸಬಹುದು.

ಒಂದು ಎಚ್ಚರಿಕೆ. ಅಲ್ಲಿ ಪ್ರಕಟಿಸಿದ್ದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಅಡಿಯಲ್ಲಿ ಹೋಗುತ್ತದೆ. ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು, ಮಾರಲೂಬಹುದು. ನನಗೆ ಅದು ಒಪ್ಪಿಗೆ. ಆದರೆ ಕಥೆ ಮಗುವಿನದು, ಮನೆಯವರದು. ಕೇಳದೆ ಏರಿಸಬೇಡಿ.

ಉತ್ತರ: ಬದಿಯಡ್ಕದ ಒಬ್ಬ ತಂದೆ

ಶಿಕ್ಷಕರ ನಡುವೆ ಪೋಷಕನಾಗಿ ಎರಡು ಮಾತು. ದಯವಿಟ್ಟು ಇದನ್ನು ಮನೆಗೆಲಸವಾಗಿ ಕೊಡಬೇಡಿ. ನಮ್ಮ ಮನೆಯಲ್ಲಿರುವುದು ಒಂದೇ ಮೊಬೈಲು, ಅದು ನನ್ನೊಂದಿಗೆ ಕೆಲಸಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರುತ್ತದೆ. ಆಮೇಲೆ ಮಗಳು ಶಾಲೆಯ ಕೆಲಸ ಎಂದು ಹಿಡಿದರೆ ಅವಳ ಕಣ್ಣಲ್ಲಿ ನಿದ್ದೆ, ನನ್ನ ಮನಸ್ಸಿನಲ್ಲಿ ಸಂಕಟ. ಶಾಲೆಯಲ್ಲೇ ಮಾಡಿಸಿ.

ಇನ್ನೊಂದು, ಉಚಿತ ಎಂದ ಮಾತ್ರಕ್ಕೆ ಮಗುವಿನ ಹೆಸರು, ಹುಟ್ಟಿದ ದಿನ, ಮುಖ ಕೊಡಬೇಕಾಗಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳೆಂದೇ ಕಂಡು, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಕನ್ನಡದಲ್ಲಿ ಒಂದು ಚೀಟಿ ಬರೆದು ಕಳುಹಿಸಿದರೆ ನಾವು ಓದಿಯೇ ಸಹಿ ಹಾಕುತ್ತೇವೆ. ಟೀಚರ್, ಇಮೇಲ್ ಬೇಡ ಎಂದಿರಲ್ಲ, ಆ ನಿಲುವು ಬಿಡಬೇಡಿ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ಬಳಿಕ

ಎಲ್ಲರಿಗೂ ಋಣಿ. ನಡೆದದ್ದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಪರೀಕ್ಷೆಯ ಸಾಲನ್ನು ನಾಲ್ಕೂ ಯಂತ್ರಗಳಲ್ಲಿ ಮಕ್ಕಳೇ ಟೈಪು ಮಾಡಿ ನೋಡಿದರು. ಸರಿ ಬಂತು. ಒತ್ತಕ್ಷರ ಹೇಗೆ ಕೂಡುತ್ತದೆ ಎಂದು ಕರಿಹಲಗೆಯ ಮೇಲೆ ಜ, ವಿರಾಮ, ಜ ಬರೆದು ತೋರಿಸಿದೆ. ಇಷ್ಟು ವರ್ಷ ಒತ್ತಕ್ಷರವನ್ನು ಕಾಪಿ ಬರೆಸಿಯೇ ಕಲಿಸಿದ್ದೆ. ಅದನ್ನು ಬಿಡಿಸಿ, ಮತ್ತೆ ಕೂಡಿಸಿ ತೋರಿಸಿದಾಗ ‘ಅಮ್ಮ’ವನ್ನು ‘ಅಮ’ ಎಂದೇ ಬರೆಯುತ್ತಿದ್ದ ಒಬ್ಬಳಿಗೆ ತಟ್ಟನೆ ಹೊಳೆಯಿತು.

ಹುಡುಗ ಅಜ್ಜನ ಮುಟ್ಟಾಳೆಯನ್ನೇ ತಂದ. ಬೆವರು ಕುಡಿದು ಅಂಚು ಕಪ್ಪಾಗಿತ್ತು, ಒಂದು ಕಡೆ ಹಗ್ಗದ ದಾರದಲ್ಲಿ ಹೊಲಿದಿದ್ದರು. ಎಲ್ಲರೂ ಅದನ್ನು ಸುತ್ತುವರಿದು ಬಿಡಿಸಿದರು. ಮರುದಿನದಿಂದ ಒಬ್ಬೊಬ್ಬರೂ ತಮ್ಮ ಕಥೆಯ ವಸ್ತು ತರತೊಡಗಿದರು: ಆಟದ ಚೆನ್ನೆಮಣೆ, ಮಳೆಗೆ ಸೂಡುವ ಗೊರಬು, ಕಡೆಗೋಲು. ಕಾಯಿ ಕೀಳುವ ಉದ್ದ ಕೋಲು ದೋಟಿ, ತರಲಾಗದ ಅದನ್ನು ತೋಟಕ್ಕೇ ಹೋಗಿ ನೋಡಿ ಬಿಡಿಸಿದರು. ಈಗ ಟಕ್ಸ್ ಪೇಂಟಿನಲ್ಲಿ ನಮ್ಮದೇ 23 ಅಚ್ಚುಗಳಿವೆ. ಹೈಸ್ಕೂಲಿನ ಇಬ್ಬರು ಹುಡುಗಿಯರು ಬಂದು ಹಿನ್ನೆಲೆ ಅಳಿಸಲು ಕಲಿಸಿದರು. ಮಧ್ಯಾಹ್ನವಾಗುವಷ್ಟರಲ್ಲಿ ನನ್ನ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು.

ಧ್ವನಿಗಳನ್ನು ಮನೆಯ ಹಿರಿಯರಿಂದಲೇ ತಂದೆವು. ಮೊಬೈಲನ್ನು ಸಂಜೆ ನಾನೇ ಮನೆಗಳಿಗೆ ಕೊಂಡುಹೋದೆ, ಬದಿಯಡ್ಕದವರ ಮಾತು ನೆನಪಿತ್ತು. ಅಜ್ಜ ‘ಮುಟ್ಟಾಳೆ’ ಎಂದ ಮೇಲೆ ಒಮ್ಮೆ ಕೆಮ್ಮಿದ್ದಾರೆ. ಅಡಾಸಿಟಿಯಲ್ಲಿ ಕೆಮ್ಮನ್ನು ಕತ್ತರಿಸಲು ಹೊರಟಾಗ ಹುಡುಗ ಬಿಡಲಿಲ್ಲ. ಈಗ ಆ ಅಚ್ಚನ್ನು ಆರಿಸಿದಾಗಲೆಲ್ಲ ಮೊದಲು ಹೆಸರು, ಆಮೇಲೆ ಕೆಮ್ಮು. ಅವನು ಅದನ್ನು ಮತ್ತೆ ಮತ್ತೆ ಆರಿಸಿ ಕೇಳುತ್ತಿದ್ದಾನೆ.

ಅಜ್ಜಿಯರು ಕಥೆಯಲ್ಲಿ ಆಡುವ ಮಾತನ್ನು ತುಳು, ಬ್ಯಾರಿ, ಮರಾಠಿಯಲ್ಲಿ ಹೇಗಿದೆಯೋ ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆಸಿ, ಕೆಳಗೆ ಕನ್ನಡ ಅರ್ಥ ಕೊಟ್ಟಿದ್ದೇವೆ. ಎಲ್ಲವನ್ನೂ ಪುಸ್ತಕದ ಕನ್ನಡಕ್ಕೆ ತಿದ್ದಬೇಕೇ ಎಂದು ಎರಡು ದಿನ ಯೋಚಿಸಿದ್ದೆ. ತಿದ್ದಿದ ಪುಟವನ್ನು ಓದಿದಾಗ ಅಜ್ಜಿಯೇ ಮಾಯವಾಗಿದ್ದರು. ಒಪ್ಪಿಗೆ ಚೀಟಿಗಳಲ್ಲಿ 14 ಬಂದಿವೆ. ಅಷ್ಟು ಕಥೆಗಳನ್ನು ಮಾತ್ರ ಸ್ಟೋರಿವೀವರ್‌ಗೆ ಏರಿಸುತ್ತೇನೆ, ಉಳಿದವು ಶಾಲೆಯ ಮುದ್ರಿತ ಪ್ರತಿಯಲ್ಲಿರುತ್ತವೆ.

ಮೊದಲು ಕಥೆ ತಾರದೆ ಇದ್ದ ಇಬ್ಬರಲ್ಲಿ ಒಬ್ಬಳು ನಿನ್ನೆ ಬಂದು, ತನ್ನ ಮನೆಯಲ್ಲಿ ಅಜ್ಜ ಅಜ್ಜಿ ಇಲ್ಲ, ಪಕ್ಕದ ಮನೆಯ ಮುದುಕಿಯ ಕಥೆ ಆಗಬಹುದೇ ಎಂದು ಕೇಳಿದಳು. ಶುಕ್ರವಾರದ ಕೊನೆಯ ಅವಧಿಗೆ ಒಂದು ಲ್ಯಾಪ್‌ಟಾಪನ್ನು ಅವಳಿಗಾಗಿ ಎತ್ತಿಟ್ಟಿದ್ದೇನೆ.