‘ಅಂಚು’ ಅಂದರೆ ಯಾವ ಅಂಚು?

ಕಾರವಾರದಲ್ಲಿ ಡಿಗ್ರಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಟೊಪಾಲಜಿ (ಹಿಗ್ಗಿಸಿದರೂ ಬಗ್ಗಿಸಿದರೂ ಬದಲಾಗದ ಆಕಾರದ ಗುಣಗಳ ಗಣಿತ) ಪಾಠಕ್ಕೆ ಬೋರ್ಡಿನ ಮೇಲೆ ಕೈಯಲ್ಲೇ ಚಿತ್ರ ಬಿಡಿಸುವುದು ರೂಢಿ. ಹೋದ ವಾರ ಟೋರಸ್ ಬರೆದೆ, ನಮ್ಮ ಕೋಡುಬಳೆಯ ಆಕಾರ. ‘ಈ ಮೈಗೆ, ಅಂದರೆ ಮೇಲ್ಮೈಗೆ, ಅಂಚೇ ಇಲ್ಲ’ ಅಂದೆ. ಮುಂದಿನ ಬೆಂಚಿನ ಹುಡುಗಿ ಎದ್ದು ಬಂದು ಹೊರಗಿನ ಗೆರೆಯ ಮೇಲೆ ಬೆರಳಿಟ್ಟಳು. ‘ಮತ್ತೆ ಇದು ಅಂಚಲ್ವಾ ಸರ್?’

ಅವಳು ಕೇಳಿದ್ದು ಸರಿಯೇ. ಸೀರೆಯ ಅಂಚು, ಹಾಳೆಯ ಅಂಚು ಅಂದಾಗ ಅಲ್ಲಿ ವಸ್ತು ಮುಗಿಯುತ್ತದೆ. 1858ರಲ್ಲಿ ಜರ್ಮನಿಯ ಗಣಿತಜ್ಞರಾದ ಮೋಬಿಯಸ್, ಲಿಸ್ಟಿಂಗ್ ಇಬ್ಬರೂ ಬೇರೆ ಬೇರೆಯಾಗಿ ಕಂಡುಕೊಂಡ ಪಟ್ಟಿಗೂ ಅಂಥ ಅಂಚು ಇದೆ. ಕಾಗದದ ಪಟ್ಟಿಯನ್ನು ಅರ್ಧ ಸುತ್ತು ತಿರುಚಿ ಅಂಟಿಸಿ, ಅಂಚಿನ ಮೇಲೆ ಬೆರಳು ಜಾರಿಸುತ್ತಾ ಹೋಗಿ. ಇರುವುದು ಒಂದೇ ಅಂಚು. ಕೋಡುಬಳೆಯ ಗೆರೆ ಹಾಗಲ್ಲ. ಅಲ್ಲಿ ಮೈ ಮುಗಿದಿಲ್ಲ, ಹಿಂದಕ್ಕೆ ಹೊರಳಿದೆ. ನಾವು ತಲೆ ಓರೆ ಮಾಡಿದರೆ ಗೆರೆಯೂ ಜರುಗುತ್ತದೆ. (‘ಮೇಲ್ಮೈ’ ಬಿಟ್ಟು ಬರೀ ‘ಮೈ’ ಅನ್ನುತ್ತೇನೆ. ‘ಮೇಲ್’ ಅಂದರೆ ಒಳಗೆ ಇನ್ನೇನೋ ತುಂಬಿದೆ ಅನ್ನಿಸುತ್ತದೆ.)

ಇದೇ ಗೊಂದಲ ‘ಬಾನಂಚು’ ಪದದಲ್ಲೂ ಇದೆ. ಇಲ್ಲಿನ ದಂಡೆಯಲ್ಲಿ ನಿಂತಾಗ ಕಣ್ಣು ನೀರಿಗಿಂತ 2 ಮೀಟರ್ ಮೇಲಿದ್ದರೆ ಆ ಗೆರೆ ಸುಮಾರು 5 ಕಿಲೋಮೀಟರ್ ದೂರ. 100 ಮೀಟರ್ ಎತ್ತರದ ಗುಡ್ಡ ಹತ್ತಿದರೆ 36ರ ಹತ್ತಿರ. ಸಮುದ್ರ ಎಲ್ಲೂ ಮುಗಿಯಲಿಲ್ಲ, ಭೂಮಿ ಹೊರಳಿದ ಜಾಗವಷ್ಟೇ ಬದಲಾಯಿತು.

ಚಿತ್ರ ಬಿಡಿಸುವವರಿಗೆ ಈ ಗೆರೆಯೇ ಜೀವಾಳ. ಕೋಡುಬಳೆಯನ್ನು ಓರೆಯಾಗಿ ನೋಡುತ್ತಾ ಬರೆಯುವಾಗ ನಡುವಿನ ತೂತಿಗೆ ಎರಡು ಗೆರೆ ಬೇಕು. ಕೆಳಗಿನದು ನಗುವ ಬಾಯಿಯ ಹಾಗೆ, ಮೇಲಿನದು ಹುಬ್ಬಿನ ಹಾಗೆ. ಮೇಲಿನ ಗೆರೆಯ ಎರಡೂ ತುದಿ ಕೆಳಗಿನದಕ್ಕೆ ತಾಗಿ ನಿಲ್ಲಬೇಕು, ಯಾಕೆಂದರೆ ಅಲ್ಲಿಂದ ಮುಂದೆ ಅದು ಮರೆಗೆ ಹೋಗುತ್ತದೆ. ಕೆಳಗಿನ ಗೆರೆ ಮಾತ್ರ ಇನ್ನೂ ಸ್ವಲ್ಪ ಮೇಲಕ್ಕೆ ಚಾಚಿ, ಯಾವುದಕ್ಕೂ ಸೇರದೆ ತಾನೇ ನಿಲ್ಲುತ್ತದೆ. ಮಕ್ಕಳು ಆ ಚಾಚಿದ ತುದಿ ಬಿಟ್ಟು ಎರಡು ಗೆರೆಯನ್ನೂ ಕೂಡಿಸಿ ಮುಚ್ಚುತ್ತಾರೆ. ಆಗ ಅದು ಕೋಡುಬಳೆ ಆಗುವುದಿಲ್ಲ, ತಟ್ಟೆಯ ಮೇಲೆ ಬರೆದ ಕಣ್ಣಾಗುತ್ತದೆ. ನಿಜವಾದ ಅಂಚಾಗಿದ್ದರೆ ಹೀಗೆ ನಡುವೆಯೇ ನಿಲ್ಲುತ್ತಿರಲಿಲ್ಲ, ಅಲ್ವಾ?

ಈಗ ಈ ಗೆರೆಗೆ ಏನು ಹೆಸರಿಡೋಣ ಅನ್ನುವ ಮಾತು. ‘ಹೊರಗೆರೆ’, ‘ಬಾಹ್ಯರೇಖೆ’ ಎರಡೂ ಸಾಲವು. ಈ ಗೆರೆ ಚಿತ್ರದ ಒಳಗೂ ಬರುತ್ತದೆ, ಈಗಷ್ಟೇ ನೋಡಿದೆವಲ್ಲ. ಶಿರಸಿಯ ಗೆಳೆಯರೊಬ್ಬರು ‘ಮರೆಗೆರೆ’ ಅಂದರು. ಪದ ಚೆಂದ ಇದೆ, ಆದರೆ ಹಿಂದೆ ಅಡಗಿದ್ದನ್ನು ತೋರಿಸಲು ಹಾಕುವ ಚುಕ್ಕಿಗೆರೆಗೇ ಅದು ಜಾಸ್ತಿ ಒಪ್ಪುತ್ತದೆ. ನನಗೆ ಹೊಳೆದದ್ದು ‘ಹೊರಳುಗೆರೆ’. ‘ಅಂಚು’ ಪದವನ್ನು ಮೈ ನಿಜವಾಗಿ ಮುಗಿಯುವ ಕಡೆಗೆ ಮಾತ್ರ ಉಳಿಸಿಕೊಳ್ಳೋಣ ಅಂತ ನನ್ನ ಆಸೆ.

‘ಹೊರಳುಗೆರೆ’ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ಇನ್ನೊಂದು ಮಾತು. ಶಿರಸಿ, ಕುಮಟಾ ಕಡೆಯ ಗುಡಿಗಾರರು ಮರ ಕೆತ್ತುವಾಗ, ಕುಂಬಾರರು ಮಡಕೆ ತಟ್ಟುವಾಗ ಹೊಟ್ಟೆ ಹಿಂದಕ್ಕೆ ತಿರುಗುವ ಆ ಜಾಗಕ್ಕೆ ಏನಾದರೂ ಹೆಸರು ಹೇಳುತ್ತಾರಾ? ಕೇಳಿದವರಿದ್ದರೆ ದಯವಿಟ್ಟು ತಿಳಿಸಿ.