ದೊಡ್ಡಪ್ಪನ ಫಾರ್ವರ್ಡು, ಸುನಿಲನ ಮೆಂತ್ಯ

ಗುಂಪು: ತೋಟದಮನೆ ಬಳಗ. ಭಾನುವಾರ ಬೆಳಿಗ್ಗೆ.

ದೊಡ್ಡಪ್ಪ: (ಫಾರ್ವರ್ಡ್) ‘ಕಾರ್ಪೊರೇಟ್ ಕೆಲಸ ಬಿಟ್ಟಳು, ಅಡುಗೆಮನೆಯಲ್ಲಿ ನೆಮ್ಮದಿ ಕಂಡಳು.’ ಮನೆಯ ಹೆಣ್ಣುಮಕ್ಕಳೆಲ್ಲ ತಪ್ಪದೆ ಓದಿ.

ವಿದ್ಯಾ: ಅಪ್ಪ, ಗಂಡುಮಕ್ಕಳು ಓದಿದರೆ ಅಕ್ಷರ ಸವೆಯುತ್ತಾ?

ದೊಡ್ಡಪ್ಪ: ಎಲ್ಲದಕ್ಕೂ ಜಗಳ ಯಾಕೆ? ಕೈಯಾರೆ ಮಾಡಿ ಬಡಿಸುವುದರಲ್ಲಿ ಒಂದು ತೃಪ್ತಿ ಇದೆ, ಅದಕ್ಕೇ ಹಾಕಿದೆ.

ವಿದ್ಯಾ: ಇದೆ ಅಂತ ನಿಮಗೆ ಹೇಗೆ ಗೊತ್ತು? ನೀವು ಡಿಕಾಕ್ಷನ್ ಹಾಕಿದ್ದನ್ನೂ ನಾನು ನೋಡಿಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ನೋಡಿ. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ. ಗಂಡಸರು 88. ಅದೂ ಕೆಲಸಕ್ಕೆ ಕೈ ಹಾಕುವ ಗಂಡಸರ ಲೆಕ್ಕ ಮಾತ್ರ. ನಿಮ್ಮಂಥವರು ಅದರಲ್ಲಿ ಸೇರಿಲ್ಲ.

ದೀಪಾ: ದೊಡ್ಡಮಾವ, ಕೆಲಸ ಬಿಟ್ಟು ಸೌಟು ಹಿಡಿದವರು ನಮ್ಮ ಮನೆಯಲ್ಲೇ ಇದ್ದಾರಲ್ಲ.

ದೊಡ್ಡಪ್ಪ: ಯಾರಮ್ಮ? ಸುನಿಲನಾ? ಅವನು ಬೇರೆ ಕೆಲಸ ಹುಡುಕುತ್ತಿದ್ದಾನಲ್ಲ.

ಸುನಿಲ: ಇಲ್ಲ ದೊಡ್ಡಪ್ಪ. ಹದಿನಾಲ್ಕು ತಿಂಗಳಾಯಿತು, ಒಂದು ಅರ್ಜಿಯನ್ನೂ ಹಾಕಿಲ್ಲ. ಮದುವೆಮನೆಗಳಲ್ಲಿ ನೀವೇ ಹಾಗೆ ಹೇಳಿಕೊಂಡು ಬರುತ್ತಿದ್ದೀರಿ.

(ಸುಮಾರು ಹೊತ್ತು ದೊಡ್ಡಪ್ಪ ಟೈಪ್ ಮಾಡುತ್ತಿದ್ದರು, ನಿಲ್ಲಿಸುತ್ತಿದ್ದರು.)

ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ.

ವಿದ್ಯಾ: ಓದಿಬಿಟ್ಟೆ ಅಪ್ಪ. ‘ಹೆಂಡತಿ ದುಡಿದು ತಂದರೆ ಜನ ಏನಂತಾರೆ’ ಅಂತ. ಅಂದರೆ ಹೆಂಗಸು ಮಾಡಿದರೆ ನೆಮ್ಮದಿ, ಗಂಡಸು ಮಾಡಿದರೆ ನಿರುದ್ಯೋಗ. ಅಲ್ವಾ?

ಸುನಿಲ: ತಾಳು ವಿದ್ಯಾ. ನನಗೆ ಆ ಲೇಖನದ ಮೇಲೆ ಬೇರೆಯದೇ ಸಿಟ್ಟು. ಫೋಟೊ ತುಂಬಾ ಹಿತ್ತಾಳೆ ಪಾತ್ರೆ, ಕಿಟಕಿ ಬೆಳಕು. ಎಂಜಲು ತಟ್ಟೆ ತುಂಬಿದ ಸಿಂಕ್ ಎಲ್ಲಿ? ನೆಮ್ಮದಿ ಗಿಮ್ಮದಿ ನನಗೆ ಸಿಗಲಿಲ್ಲ. ಸಾರಿನಪುಡಿ ಮಾಡಲು ಹೋಗಿ ಮೂರು ಸಲ ಮೆಂತ್ಯ ಸೀದಿತು. ಅಮ್ಮ ಫೋನಿನಲ್ಲಿ ‘ಬಣ್ಣ ನೋಡ್ಬೇಡ, ವಾಸನೆ ಹಿಡಿ’ ಅಂದರು. ನಾಲ್ಕನೇ ಸಲ ಬಾಣಲೆ ಬಿಟ್ಟು ಅಲ್ಲಾಡಲಿಲ್ಲ. ಹಸಿ ವಾಸನೆ ಹೋಗಿ ಘಮ್ ಅಂದ ತಕ್ಷಣ ತಟ್ಟೆಗೆ ಸುರಿದೆ. ಬಾಣಲೆಯಲ್ಲೇ ಬಿಟ್ಟರೆ ಒಲೆ ಆರಿಸಿದ ಮೇಲೂ ಸೀಯುತ್ತದೆ, ಅದು ಗೊತ್ತಾಗಲು ಮೂರು ಸಲ ಬೇಕಾಯಿತು. ಬ್ಯಾಡಗಿ ಮೆಣಸಿನಕಾಯಿ ಮುರಿದರೆ ಪಟ್ ಅನ್ನುವ ಹಾಗೆ ಬಿಸಿಲಿನಲ್ಲಿ ಒಣಗಿಸಿದ್ದೆ. ಮಧ್ಯಾಹ್ನ ಸಾರು ಕುದಿಯುವಾಗ ಮೇಲಿನ ಮನೆಯವರು ಇಳಿದು ಬಂದು ಏನು ಮಾಡ್ತಿದ್ದೀರಿ ಅಂತ ಕೇಳಿದರು. ಆಫೀಸಿನಲ್ಲಿ ಮೂರು ತಿಂಗಳು ಕೂತು ಮಾಡಿದ್ದು ಯಾರಿಗೆ ಬೇಕಿತ್ತು ಅನ್ನೋದೇ ತಿಳಿಯುತ್ತಿರಲಿಲ್ಲ. ಸಾರು ಕೆಟ್ಟರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತೆ.

ದೀಪಾ: ಕಳೆದ ವಾರದ ಗೊಜ್ಜು ಹತ್ತೇ ನಿಮಿಷದಲ್ಲಿ ಗೊತ್ತಾಯಿತು.

ಸುನಿಲ: ಹುಣಸೆಹಣ್ಣು ಜಾಸ್ತಿಯಾಗಿತ್ತು, ಒಪ್ಪಿದೆ. ಇನ್ನೊಂದು ಮಾತು. ಮನೆ ಸಾಲ ತೀರಿದೆ, ದೀಪಾ ಸಂಬಳ ಬರುತ್ತೆ. ಅದಕ್ಕೇ ನನ್ನ ಆಟ ನಡೆಯುತ್ತಿದೆ. ಆ ಲೇಖನದಾಕೆಯ ಮನೆ ಕಂತು ಯಾರು ಕಟ್ಟುತ್ತಾರೆ ಅಂತ ಒಂದು ಸಾಲೂ ಇಲ್ಲ.

ಶಾರದಾ: ಸುನಿಲ, ನಿನ್ನ ಮೆಂತ್ಯದ ಪುರಾಣ ಓದಿದೆ. ನಾನು ನಲವತ್ತೆರಡು ವರ್ಷ ಹುರಿದೆ, ಯಾರೂ ಬಂದು ಬರೆದುಕೊಂಡು ಹೋಗಲಿಲ್ಲ. ನಿನಗೆ ಬೇಡ ಅನ್ನಿಸಿದ ದಿನ ಹೋಟೆಲಿಂದ ತರಿಸುತ್ತೀಯ. ಆ ಘಮ ನನಗೂ ಇಷ್ಟವೇ ಕಣೋ. ನಿಂತು ಮೂಸೋಕೆ ಪುರುಸೊತ್ತು ಇರಲಿಲ್ಲ. ನಿನ್ನ ಚಿಕ್ಕಪ್ಪನ ಮದುವೆ ಹಿಂದಿನ ದಿನ ಜ್ವರದಲ್ಲೇ ಹನ್ನೊಂದು ಜನಕ್ಕೆ ಮುದ್ದೆ ಕಟ್ಟಿದ್ದೆ.

ದೊಡ್ಡಪ್ಪ: ಶಾರದಾ, ನಿನಗೆ ಜ್ವರ ಇದ್ದದ್ದು ನನಗೆ ಗೊತ್ತೇ ಇರಲಿಲ್ಲ.

ಶಾರದಾ: ಹೇಗೆ ಗೊತ್ತಾಗುತ್ತೆ ಭಾವ? ನೀವು ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತಿದ್ದಿರಿ.