ಶಾಲಾ ಪ್ರವಾಸಕ್ಕೆ ಇಷ್ಟು ದುಡ್ಡು ಕೊಡಬೇಕೇ?

ಪ್ರಶ್ನೆ: ಏಳನೇ ತರಗತಿಯ ಮಗಳ ಶಾಲೆಯಿಂದ ಪ್ರವಾಸದ ಚೀಟಿ ಬಂದಿದೆ. ಒಟ್ಟು ಮೊತ್ತ ಮಾತ್ರ ಬರೆದಿದ್ದಾರೆ. ಬಸ್ಸಿಗೆಷ್ಟು, ವಸತಿಗೆಷ್ಟು ಎಂಬ ವಿವರವಿಲ್ಲ. ವಸ್ತುಸಂಗ್ರಹಾಲಯಕ್ಕೆ ಒಂದೇ ಗಂಟೆ, ಜಲಕ್ರೀಡಾ ಉದ್ಯಾನಕ್ಕೆ ಇಡೀ ದಿನ! ಹಣ ಹೊಂದಿಸುವುದೇ ಕಷ್ಟ. ಕಳುಹಿಸದಿದ್ದರೆ ಗೆಳತಿಯರೆಲ್ಲ ಹೋಗಿ ಅವಳೊಬ್ಬಳೇ ಉಳಿಯುತ್ತಾಳೆ ಎಂಬ ಸಂಕಟ ಬೇರೆ. ಏನು ಮಾಡಲಿ?

ಉತ್ತರ 1: ಖರ್ಚಿನ ವಿವರವನ್ನು ಲಿಖಿತವಾಗಿ ಕೇಳಿ, ಸಂಕೋಚ ಬೇಡ. ಬಸ್ಸಿನ ಬಾಡಿಗೆ ಇಡೀ ಬಸ್ಸಿಗೆ ನಿಗದಿಯಾಗುವುದರಿಂದ ಮಕ್ಕಳು ಕಡಿಮೆಯಾದಷ್ಟೂ ತಲಾ ಹೊರೆ ಏರುತ್ತದೆ. ಜೊತೆಗೆ ಹೋಗುವ ಶಿಕ್ಷಕರ ಖರ್ಚು ಯಾರ ಮೇಲೆ ಬೀಳುತ್ತದೆ, ಮಗುವಿಗೆ ಜ್ವರ ಬಂದು ಹೋಗಲಾಗದಿದ್ದರೆ ಎಷ್ಟು ಹಣ ಮರಳುತ್ತದೆ ಎಂಬುದನ್ನೂ ಕೇಳಿ.

ಉತ್ತರ 2: ನಾನು ಶಿಕ್ಷಕಿ. ಕಂತಿನಲ್ಲಿ ಕೊಡಬಹುದೇ ಎಂದು ಮುಖ್ಯೋಪಾಧ್ಯಾಯರನ್ನು ಖಾಸಗಿಯಾಗಿ ವಿಚಾರಿಸಿ. ದಯವಿಟ್ಟು ಮಗಳ ಕೈಯಲ್ಲಿ ಹೇಳಿ ಕಳುಹಿಸಬೇಡಿ. ತರಗತಿಯಲ್ಲಿ ಎಲ್ಲರೆದುರು ಮಗು ಕುಗ್ಗಿಹೋಗುತ್ತದೆ. ಆಟದ ದಿನವೂ ವ್ಯರ್ಥವಲ್ಲ, ಆದರೆ ಒಂದು ಗಂಟೆಯಲ್ಲಿ ವಸ್ತುಸಂಗ್ರಹಾಲಯ ತೋರಿಸುವುದು ನನಗೂ ಒಪ್ಪಿಗೆಯಿಲ್ಲ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ನಾಳೆಯೇ ಪತ್ರ ಕೊಡುತ್ತೇನೆ. ಇನ್ನಿಬ್ಬರು ತಾಯಂದಿರೂ ಸಹಿ ಹಾಕಲು ಒಪ್ಪಿದ್ದಾರೆ.